ನಿಮಗಿದು ಗೊತ್ತೆ? ಕೂಸು ಬೆಚ್ಚುವುದಕ್ಕೂ ಮನದ ಗಾಯದ ಚಿಕಿತ್ಸೆಗೂ ನಂಟಿದೆ

ಆಂಧ್ರದ ಚಿಲಮತ್ತೂರು, ಹಿಂದೂಪುರದ ಕಡೆ ಈಗಲೂ ಅಜ್ಜಿಯರು ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಬಿಸಿನೀರು ಎರೆಯುತ್ತಾರೆ. ತಲೆ ಚೂರು ಹಿಂದಕ್ಕೆ ಜಾರಿದರೆ ಸಾಕು, ಕೂಸು ಎರಡೂ ಕೈ ಅಗಲಿಸಿ ಬೆಚ್ಚುತ್ತದೆ. ಮರುಕ್ಷಣ ತೋಳುಗಳನ್ನು ಎದೆಗೆ ಎಳೆದುಕೊಂಡು ಅಳುತ್ತದೆ. 1918ರಲ್ಲಿ ಇದನ್ನು ವಿವರಿಸಿದ ಮಕ್ಕಳ ವೈದ್ಯ ಅರ್ನ್ಸ್ಟ್ ಮೊರೊ ಅವರ ಹೆಸರೇ ಇದಕ್ಕಿದೆ. ಸಾಮಾನ್ಯವಾಗಿ ಆರು ತಿಂಗಳ ಹೊತ್ತಿಗೆ ಇದು ಮರೆಯಾಗುತ್ತದೆ.

ಬೆಚ್ಚಿದ ಕೂಸನ್ನು ಎತ್ತಿ ಅವಚಿಕೊಂಡಾಗ ಅದರ ಉಸಿರು, ಎದೆಬಡಿತ ಹದಕ್ಕೆ ಬರುತ್ತವೆ. ಹೀಗೆ ಮತ್ತೆ ಮತ್ತೆ ಸಮಾಧಾನಗೊಂಡೇ ಮಗು ತನ್ನನ್ನು ತಾನು ಸಂತೈಸಿಕೊಳ್ಳಲು ಕಲಿಯುತ್ತದೆ. ಆ ವಯಸ್ಸಿನಲ್ಲಿ ಆಸರೆ ಸಿಗದೆ ಹೊಡೆತ ತಿಂದವರಿಗೆ ಮುಂದೆ ಘಟನೆ ನೆನಪಿರದಿದ್ದರೂ ಬಿಗಿದ ಹೆಗಲು, ಮೇಲುಸಿರು, ಸಣ್ಣ ಸದ್ದಿಗೂ ಅದುರುವ ಮೈ ಉಳಿಯಬಹುದು. ಏನಾಯಿತೆಂದು ಕೇಳಿದರೆ ಹೇಳಲು ಅವರಲ್ಲಿ ಮಾತೇ ಇರುವುದಿಲ್ಲ. ಅದಕ್ಕೇ ಅನೇಕ ಚಿಕಿತ್ಸಕರು ಮೊದಲು ಪಾದವನ್ನು ನೆಲಕ್ಕೂರಿಸಿ, ಉಸಿರನ್ನು ನಿಧಾನಗೊಳಿಸಿ, ಆಮೇಲೆ ಮಾತಿಗಿಳಿಯುತ್ತಾರೆ. ಆದರೆ ಹೆಚ್ಚು ಗಟ್ಟಿ ಪುರಾವೆ ಇರುವುದು ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗೆ. ಮೈಯ ಅಭ್ಯಾಸ ಅದರ ಜೊತೆಗಿರಲಿ, ಬದಲಿಗಲ್ಲ.

ಆ ಹೊಡೆತದ ಗುರುತು ಹೆಗಲು, ಉಸಿರಿನಲ್ಲಷ್ಟೇ ಉಳಿಯುವುದಿಲ್ಲ: ಬಾಲ್ಯದ ಹಿಂಸೆಗೂ ಮುಂದಿನ ಹೃದ್ರೋಗದ ಅಪಾಯಕ್ಕೂ ನಂಟಿದೆಯೆಂದು 1998ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು.

ನೆರವು ಬೇಕೆ? 2022ರಲ್ಲಿ ಶುರುವಾದ ಸರ್ಕಾರದ ‘ಟೆಲಿ ಮಾನಸ್’ಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಕರೆ ಉಚಿತ. ತೆಲುಗು, ಕನ್ನಡ ಎರಡರಲ್ಲೂ ಮಾತಾಡಬಹುದು. ಮಕ್ಕಳಿಗಾಗಿ 1098 ಇದೆ.