ಮೇಷ್ಟ್ರುಗಳನ್ನು ರೂಪಿಸುವ ‘ರೀಜನಲ್ ಕಾಲೇಜು’

ಆರು ನಿಮಿಷ ಪಾಠ ಮಾಡಬೇಕು. ಆಮೇಲೆ ಆರು ನಿಮಿಷ ಸಹಪಾಠಿಗಳೂ ಮೇಲ್ವಿಚಾರಕರೂ ಹೇಳಿದ್ದನ್ನು ಕೇಳಿಸಿಕೊಳ್ಳಬೇಕು. ಹನ್ನೆರಡು ನಿಮಿಷದೊಳಗೆ ಅದೇ ಪಾಠವನ್ನು ತಿದ್ದಿಕೊಂಡು ಬಂದು ಮತ್ತೆ ಆರು ನಿಮಿಷ ಪಾಠ, ಮತ್ತೆ ಆರು ನಿಮಿಷ ವಿಮರ್ಶೆ. ಒಟ್ಟು 36 ನಿಮಿಷದ ಈ ಸುತ್ತಿಗೆ ಬಿ.ಎಡ್. ಓದುವವರು ‘ಮೈಕ್ರೋ ಟೀಚಿಂಗ್’ ಎನ್ನುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಪದ್ಧತಿಯನ್ನು ನಮ್ಮ ತರಗತಿಗಳಿಗೆ ಒಗ್ಗಿಸಿದ್ದು ಎನ್‌ಸಿಇಆರ್‌ಟಿ. ಒಂದು ಸುತ್ತಿಗೆ ಒಂದೇ ಕೌಶಲ: ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು, ಕಪ್ಪುಹಲಗೆಯ ಮೇಲೆ ಬರೆಯುವುದು. ‘ಅರ್ಥ ಆಯ್ತಾ ಮಕ್ಳೇ?’ ಎಂದು ಕೇಳಿ, ‘ಆಯ್ತು ಸಾರ್’ ಎಂಬ ಒಕ್ಕೊರಲ ಉತ್ತರ ಪಡೆದು ಮುಂದಕ್ಕೆ ಹೋಗುವ ಅಭ್ಯಾಸ ಮೊದಲು ಬಿಡಬೇಕಾಗುವುದು ಇಲ್ಲೇ. ಆ ಉತ್ತರದಿಂದ ಮಕ್ಕಳಿಗೆ ಏನು ತಿಳಿಯಿತು ಎಂಬುದು ಮೇಷ್ಟ್ರಿಗೆ ಗೊತ್ತಾಗುವುದಿಲ್ಲ.

ಮೈಕ್ರೋ ಟೀಚಿಂಗ್ ಎಲ್ಲ ಬಿ.ಎಡ್. ಕಾಲೇಜುಗಳಲ್ಲೂ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ವಿಶೇಷವೆಂದರೆ, ಸಹಪಾಠಿಗಳ ಮುಂದಿನ ಈ ತಾಲೀಮು ಮುಗಿಸಿದವರಿಗೆ ನಿಜವಾದ ಮಕ್ಕಳು ಅದೇ ಕಾಂಪೌಂಡಿನೊಳಗೆ ಸಿಗುತ್ತಾರೆ.

ಹಳೆಯ ಮೈಸೂರಿಗರ ಬಾಯಲ್ಲಿ ಇದು ಇಂದಿಗೂ ‘ರೀಜನಲ್ ಕಾಲೇಜು’. ಮೈಸೂರು ವಿಶ್ವವಿದ್ಯಾಲಯದ ಆವರಣ, ಕುವೆಂಪು ಹೆಸರಿಟ್ಟ ಮಾನಸಗಂಗೋತ್ರಿ ಆರಂಭವಾದದ್ದು 1960ರಲ್ಲಿ. ಅದರ ಮಗ್ಗುಲಲ್ಲೇ 1963ರಲ್ಲಿ ಈ ಕಾಲೇಜು ಬಂತು. ಅಜ್ಮೇರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರು, ಹೀಗೆ ನಾಲ್ಕು ದಿಕ್ಕಿಗೆ ನಾಲ್ಕು ಕಾಲೇಜುಗಳನ್ನು ಎನ್‌ಸಿಇಆರ್‌ಟಿ ಕಟ್ಟಿತು. ಅದರ ಹಿಂದೆ ಒಂದು ತುರ್ತು ಇತ್ತು. 1952–53ರ ಮುದಲಿಯಾರ್ ಆಯೋಗ, ಪ್ರೌಢಶಾಲೆಯಲ್ಲಿ ಪುಸ್ತಕದ ಓದಿನ ಜೊತೆಗೆ ಕೃಷಿ, ವಾಣಿಜ್ಯ, ತಾಂತ್ರಿಕ ವಿಷಯಗಳೂ ಇರಬೇಕೆಂದು ಬಹೂದ್ದೇಶ ಶಾಲೆಗಳನ್ನು ಶಿಫಾರಸು ಮಾಡಿತ್ತು. ಶಾಲೆಗಳೇನೋ ತೆರೆದವು, ಆ ವಿಷಯ ಕಲಿಸುವ ಮೇಷ್ಟ್ರುಗಳು ಇರಲಿಲ್ಲ. ಅವರನ್ನು ತಯಾರು ಮಾಡಲು ಈ ಕಾಲೇಜುಗಳು ಹುಟ್ಟಿದವು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ತಜ್ಞರ ನೆರವೂ ಸಿಕ್ಕಿತು. ಬಹೂದ್ದೇಶ ಶಾಲೆಗಳ ಯೋಜನೆ ಕಾಲಕ್ರಮದಲ್ಲಿ ಕರಗಿತು. ಕಾಲೇಜು ಉಳಿಯಿತು, 1990ರ ದಶಕದಲ್ಲಿ ‘ಸಂಸ್ಥೆ’ಯಾಯಿತು. ಪದವಿ ಕೊಡುವುದು ಮೈಸೂರು ವಿಶ್ವವಿದ್ಯಾಲಯ.

ಆವರಣದ ಶಾಲೆಯ ಹೆಸರಿನಲ್ಲಿ ಆ ಹಳೆಯ ಕನಸು ಇನ್ನೂ ಇದೆ: ಡೆಮಾನ್‌ಸ್ಟ್ರೇಷನ್ ಮಲ್ಟಿಪರ್ಪಸ್ ಸ್ಕೂಲ್. ಸಿಬಿಎಸ್‌ಇ ಪಠ್ಯಕ್ರಮದ ಈ ಶಾಲೆಯ ಮಕ್ಕಳಿಗೆ ಹಿಂದಿನ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದು ಕೂತ ಅಪರಿಚಿತರು ಹೊಸಬರೇನಲ್ಲ. ಎದುರಿಗೆ ನಿಂತ ಹೊಸ ಮೇಷ್ಟ್ರ ಕೈ ನಡುಗಿದರೂ ಅವರಿಗೆ ಗೊತ್ತಾಗುತ್ತದೆ. ಲೆಸನ್ ಪ್ಲಾನ್‌ನಲ್ಲಿ ‘ನಿರೀಕ್ಷಿತ ಉತ್ತರ’ ಎಂದು ಬರೆದುಕೊಂಡು ಬಂದದ್ದನ್ನು ಯಾವ ಮಗುವೂ ಹೇಳದೇ ಹೋದಾಗ ಏನು ಮಾಡಬೇಕು? ಇದನ್ನು ಕಲಿಸುವ ಪುಸ್ತಕ ಇಲ್ಲ. ವೈದ್ಯಕೀಯ ಕಾಲೇಜಿಗೆ ಆಸ್ಪತ್ರೆ ಹೇಗೋ ಶಿಕ್ಷಕರ ಕಾಲೇಜಿಗೆ ಶಾಲೆ ಹಾಗೆ. ನಮ್ಮ ಎಷ್ಟೋ ಬಿ.ಎಡ್. ಕಾಲೇಜುಗಳಿಗೆ ಅಂಥ ಶಾಲೆಯೇ ಇಲ್ಲ, ಅದು ಕೊರತೆ ಎಂದು ಯಾರಿಗೂ ಅನಿಸುವುದೂ ಇಲ್ಲ.

ಪದವಿ, ಬಿ.ಎಡ್. ಎರಡನ್ನೂ ಒಟ್ಟಿಗೆ ಕಲಿಸುವ ಇಲ್ಲಿನ ನಾಲ್ಕು ವರ್ಷದ ಸಂಯುಕ್ತ ಪದವಿಯನ್ನು ನಾನು ಮೆಚ್ಚುವುದು ಒಂದು ಕಾರಣಕ್ಕೆ. ಪಿಯುಸಿ ಮುಗಿಸಿದ ಕೂಡಲೇ ‘ನಾನು ಮೇಷ್ಟ್ರಾಗುತ್ತೇನೆ’ ಎಂದು ನಿಶ್ಚಯಿಸಿ ಬರುವುದು ಬೇರೆ, ಪದವಿಯ ನಂತರ ಮತ್ತೇನೂ ಹೊಳೆಯದೆ ಬಿ.ಎಡ್. ಸೇರುವುದು ಬೇರೆ. ಮೊದಲನೆಯವರು ಭೌತಶಾಸ್ತ್ರ ಓದುವಾಗಲೇ ಅದನ್ನು ಒಂಬತ್ತನೇ ತರಗತಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ನಾಲ್ಕು ವರ್ಷದ ಸಂಯುಕ್ತ ಬಿ.ಎಡ್. ಅನ್ನು 2030ರ ಹೊತ್ತಿಗೆ ಶಿಕ್ಷಕರ ಕನಿಷ್ಠ ಅರ್ಹತೆಯಾಗಿಸಬೇಕೆನ್ನುತ್ತದೆ. ಈ ಮಾದರಿ ಮೈಸೂರಿಗೆ ಆರು ದಶಕದಿಂದ ಪರಿಚಿತ.

ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರಪ್ರದೇಶ, ತೆಲಂಗಾಣ, ಪುದುಚೇರಿ, ಲಕ್ಷದ್ವೀಪ ಈ ಸಂಸ್ಥೆಯ ವ್ಯಾಪ್ತಿಗೆ ಸೇರಿವೆ. ಹಾಗಾಗಿ ಹಾಸ್ಟೆಲಿನ ಒಂದೇ ಸಾಲಿನಲ್ಲಿ ನಾಲ್ಕು ಭಾಷೆ ಕೇಳುತ್ತದೆ. ಈ ಬೆರಕೆಯ ನಿಜವಾದ ಪರೀಕ್ಷೆ ಹಳ್ಳಿಯಲ್ಲಿ. ಪಠ್ಯಕ್ರಮದ ಭಾಗವಾಗಿಯೇ ‘ಸಮುದಾಯದೊಂದಿಗೆ ಕೆಲಸ’ ಎಂಬ ಕಾರ್ಯಕ್ರಮವಿದೆ. ಮನೆಮನೆ ಸಮೀಕ್ಷೆ, ಶಾಲೆ ಬಿಟ್ಟ ಮಕ್ಕಳ ವಿಚಾರಣೆ, ಆರೋಗ್ಯ ಮತ್ತು ಸ್ವಚ್ಛತೆಯ ಜಾಗೃತಿ ಇಂಥ ಶಿಬಿರಗಳ ಕೆಲಸ. ಲಕ್ಷದ್ವೀಪದ ಕವರತ್ತಿಯಿಂದ ಬಂದ ಹುಡುಗಿಗೆ ಮೈಸೂರು ಸೀಮೆಯ ಅಜ್ಜಿಯ ಜಗಲಿಯ ಮೇಲೆ ಕೂತು ‘ಮನೇಲಿ ಎಷ್ಟ್ ಜನ ಇದೀರಜ್ಜಿ?’ ಎಂದು ಕೇಳುವಷ್ಟಾದರೂ ಕನ್ನಡ ಬೇಕು. ಭಾಷೆ ಬಾರದೆ ತರಗತಿಯಲ್ಲಿ ಸುಮ್ಮನೆ ಕೂರುವ ವಲಸೆ ಕಾರ್ಮಿಕರ ಮಗುವಿನ ಪಾಡು ಏನೆಂದು ಆಗ ಅವಳಿಗೆ ಅನುಭವಕ್ಕೆ ಬರುತ್ತದೆ. ಅವಳು ನಾಳೆ ಯಾವ ಊರಿನಲ್ಲಿ ಪಾಠ ಮಾಡಿದರೂ ಅಂಥದೊಂದು ಮಗು ಎದುರಿಗೆ ಇದ್ದೇ ಇರುತ್ತದೆ.

ಕೆಲಸದಲ್ಲಿರುವ ಶಿಕ್ಷಕರಿಗೂ ಇಲ್ಲಿ ಬಾಗಿಲು ತೆರೆದಿದೆ. ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯ ಡಿಪ್ಲೊಮಾವನ್ನು ನಮ್ಮ ಪ್ರೌಢಶಾಲಾ ಶಿಕ್ಷಕರು ಗಮನಿಸಬೇಕು. ಒಂದು ವರ್ಷದ ಈ ಕೋರ್ಸಿನಲ್ಲಿ ಆರು ತಿಂಗಳು ದೂರಶಿಕ್ಷಣ, ಮೂರು ತಿಂಗಳು ಕೇಂದ್ರದಲ್ಲಿ ಮುಖಾಮುಖಿ ತರಗತಿ, ಉಳಿದ ಮೂರು ತಿಂಗಳು ತಮ್ಮ ಊರಿನಲ್ಲೇ ಇಂಟರ್ನ್‌ಶಿಪ್. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಮನೆಗೆ ಹೋಗಲು ಹೆದರುವ ಮಗುವಿನ ಹತ್ತಿರ ಏನು ಮಾತಾಡಬೇಕು, ಏನು ಮಾತಾಡಬಾರದು ಎಂದು ಬಲ್ಲ ಒಬ್ಬರಾದರೂ ಪ್ರತಿ ಶಾಲೆಯಲ್ಲಿ ಇರಲೇಬೇಕು.

ನೆರೆಹೊರೆಯೂ ಒಂದು ಪಾಠಶಾಲೆ. ಭಾರತೀಯ ಭಾಷೆಗಳ ಅಧ್ಯಯನಕ್ಕೆಂದು 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ ಹತ್ತಿರದಲ್ಲೇ ಇದೆ. ತೊದಲುವ, ಕಿವಿ ಮಂದವಾದ ಮಕ್ಕಳನ್ನು ಪರೀಕ್ಷಿಸಿ ನೆರವಾಗುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಮಾನಸಗಂಗೋತ್ರಿಯಲ್ಲೇ ಇದೆ. ಫೆಬ್ರವರಿ 28ರ ವಿಜ್ಞಾನ ದಿನ, ಡಿಸೆಂಬರ್ 22ರ ಗಣಿತ ದಿನದ ಆಸುಪಾಸಿನಲ್ಲಿ ಉಪನ್ಯಾಸ, ಪ್ರದರ್ಶನಗಳ ಪ್ರಕಟಣೆ ಈ ಭಾಗದಿಂದ ಬರುವುದು ವಾಡಿಕೆ. ಸೆಪ್ಟೆಂಬರ್ 5ರ ಶಿಕ್ಷಕರ ದಿನಕ್ಕಂತೂ ಮೈಸೂರಿನಲ್ಲಿ ಬೇರೆಯೇ ಅರ್ಥವಿದೆ: ಸರ್ವಪಲ್ಲಿ ರಾಧಾಕೃಷ್ಣನ್ 1918ರಿಂದ 1921ರವರೆಗೆ ಪಾಠ ಹೇಳಿದ್ದು ಇಲ್ಲಿನ ಮಹಾರಾಜ ಕಾಲೇಜಿನಲ್ಲಿ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಇಂಥ ಸಂಸ್ಥೆಗಳು ತರಬೇತಿ ಕೊಡುವುದು ಬಹುಪಾಲು ಸಂಪನ್ಮೂಲ ವ್ಯಕ್ತಿಗಳಿಗೆ. ಅವರು ಜಿಲ್ಲಾ ಮಟ್ಟದ ತರಬೇತಿ ಸಂಸ್ಥೆಯಾದ ಡಯಟ್‌ಗೆ ಹೋಗಿ ಕಲಿಸಬೇಕು, ಅಲ್ಲಿಂದ ಬ್ಲಾಕ್ ಮತ್ತು ಕ್ಲಸ್ಟರ್ ಹಂತದ ಬಿಆರ್‌ಪಿ, ಸಿಆರ್‌ಪಿಗಳ ಮೂಲಕ ಅದು ಶಾಲೆ ತಲುಪಬೇಕು. ಹನೂರು ಕಡೆಯ ಏಕೋಪಾಧ್ಯಾಯ ಶಾಲೆಗೆ ಬರುವ ಹೊತ್ತಿಗೆ ಅದರಲ್ಲಿ ಉಳಿಯುವುದು ಒಂದು ಸುತ್ತೋಲೆ, ಒಂದಿಷ್ಟು ಪಿಪಿಟಿ. ಇಂಗ್ಲಿಷಿನಲ್ಲಿ ತಯಾರಾದ ಸಾಮಗ್ರಿಯನ್ನು ಕನ್ನಡಕ್ಕೆ ತರುವಾಗ ಮತ್ತಷ್ಟು ಸೋರಿಹೋಗುತ್ತದೆ. ಮೈಸೂರು, ಚಾಮರಾಜನಗರ, ಮಂಡ್ಯ ಜಿಲ್ಲೆಗಳ ಸರ್ಕಾರಿ ಶಾಲೆಗಳ ಶಿಕ್ಷಕರು ನೇರವಾಗಿ ಬಂದು ಒಂದು ದಿನ ಕೂತು, ಪಾಠ ನೋಡಿ, ಚರ್ಚಿಸಿ ಹೋಗುವ ಏರ್ಪಾಡು ಕಾಯಂ ಆಗಿ, ಕನ್ನಡದಲ್ಲೇ ಇರಬೇಕು. ಇದಕ್ಕೆ ಹೊಸ ಕಟ್ಟಡ ಬೇಡ. ಶಿಕ್ಷಣ ಇಲಾಖೆ ಅಂಥ ದಿನವನ್ನು ಕರ್ತವ್ಯದ ಮೇಲಿನ ರಜೆ ಎಂದು ಪರಿಗಣಿಸಿದರೆ ಬರುವವರು ಬಂದೇ ಬರುತ್ತಾರೆ.

ನಿಮ್ಮ ಮನೆಯಲ್ಲಿ ಪಿಯುಸಿ ಓದುತ್ತಿರುವ ಮಗ, ಮಗಳಿದ್ದು, ಪಕ್ಕದ ಮನೆಯ ಹುಡುಗರಿಗೆ ಲೆಕ್ಕ ಹೇಳಿಕೊಡುವುದರಲ್ಲಿ ಊಟ ಮರೆಯುವಂಥವರಾಗಿದ್ದರೆ ಅವರನ್ನು ತಡೆಯಬೇಡಿ. ಪಿಯುಸಿ ನಂತರದ ಸಂಯುಕ್ತ ಶಿಕ್ಷಕ ಪದವಿಗೆ ಈಗ ಎನ್‌ಸಿಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಇದೆ. ಅದನ್ನು ಕನ್ನಡದಲ್ಲೂ ಬರೆಯಬಹುದು.