ತಿಂದಿದ್ದೆಲ್ಲ ಎಲ್ಲಿಗೆ ಹೋಗುತ್ತೆ? ಸಿಕಲ್ ಸೆಲ್ ಅನೀಮಿಯಾ ಮತ್ತು ಮಕ್ಕಳ ಬೆಳವಣಿಗೆ

ಈ ಸಲ ನಾನು ಮಾತಾಡ್ತಿರೋದು ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಿಂದ. ಇಲ್ಲಿ ಒಂದು ತಮಾಷೆ ಇದೆ. ಮಲಯ್ ಭಾಷೆಯಲ್ಲಿ ‘ರಾಗಿ’ ಅಂದ್ರೆ ಹಿಟ್ಟು ಹುದುಗಿಸೋ ಯೀಸ್ಟ್! ನಮ್ಮ ಮುದ್ದೆಯ ರಾಗಿ ಬೇಕಾದ್ರೆ ಭಾರತೀಯರ ದಿನಸಿ ಅಂಗಡಿಗೇ ಹೋಗಬೇಕು. ಹೆಸರು ಒಂದೇ, ವಸ್ತು ಬೇರೆ.

‘ರಕ್ತಹೀನತೆ’ ಅನ್ನೋ ಪದವೂ ಹಾಗೇ. ಅದನ್ನು ಕೇಳಿದ ತಕ್ಷಣ ನಾವು ಕಬ್ಬಿಣದ ಟಾನಿಕ್ ಹುಡುಕ್ತೀವಿ. ಆದರೆ ಕಬ್ಬಿಣದ ಕೊರತೆಯೇ ಇಲ್ಲದ ರಕ್ತಹೀನತೆಗಳೂ ಇವೆ. ಮಲೇಷ್ಯಾದಲ್ಲಿ ಅದಕ್ಕೆ ದೊಡ್ಡ ಉದಾಹರಣೆ ಥಲಸೀಮಿಯಾ. ನಮ್ಮ ಕಡೆ, ಮುಖ್ಯವಾಗಿ ಬುಡಕಟ್ಟು ಸಮುದಾಯಗಳಲ್ಲಿ, ಸಿಕಲ್ ಸೆಲ್ ಅನೀಮಿಯಾ, ಅಂದರೆ ಕುಡುಗೋಲು ಕಣ ರಕ್ತಹೀನತೆ.

ಭಾರತದಲ್ಲಿ ಇದು ಮೊದಲು ವರದಿಯಾಗಿದ್ದು 1952ರಲ್ಲಿ, ನೀಲಗಿರಿಯಿಂದ. ಅದರ ಪಕ್ಕದ ಚಾಮರಾಜನಗರ ಜಿಲ್ಲೆಯ ಸೋಲಿಗರಲ್ಲೂ ಇದು ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಿಂದ ಕೆಲಸ ಮಾಡ್ತಿರೋ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಈ ಕಾಯಿಲೆಗೆ ತಪಾಸಣೆ, ಚಿಕಿತ್ಸೆ ನಡೆಸಿದೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ.

ಈ ಮಕ್ಕಳ ತಾಯಂದಿರ ದೊಡ್ಡ ಚಿಂತೆ ಒಂದು: “ಚೆನ್ನಾಗೇ ತಿನ್ನುತ್ತೆ, ಆದ್ರೂ ಮೈ ಹತ್ತಲ್ಲ.” ತಪ್ಪು ತಾಯಿಯದ್ದಲ್ಲ. ಲೆಕ್ಕ ನೋಡಿ. ಆರೋಗ್ಯವಂತರ ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ. ಕುಡುಗೋಲಿನ ಹಾಗೆ ಬಾಗಿದ ಕಣ ಬದುಕೋದು 10ರಿಂದ 20 ದಿನ. ಮೂಳೆಯೊಳಗಿನ ಮಜ್ಜೆ ಹಗಲೂ ರಾತ್ರಿ ಹೊಸ ಕಣ ತಯಾರಿಸ್ತಾನೇ ಇರಬೇಕು. ರಕ್ತ ಕಡಿಮೆ ಇರೋದರಿಂದ ಹೃದಯವೂ ಹೆಚ್ಚು ದುಡಿಯುತ್ತೆ. ಮಗು ಸುಮ್ಮನೆ ಮಲಗಿದ್ದಾಗಲೂ ಶಕ್ತಿ ಖರ್ಚಾಗ್ತಾ ಇರುತ್ತೆ. ಬೆಳೆಯೋಕೆ ಅಂತ ತಿಂದ ಅನ್ನ ರಕ್ತ ಮಾಡೋದಕ್ಕೇ ಹೋಗಿಬಿಡುತ್ತೆ. ಜೊತೆಗೆ ನೋವು, ಜ್ವರ ಬಂದ ದಿನಗಳಲ್ಲಿ ಊಟವೇ ಸೇರಲ್ಲ.

ಹುಟ್ಟುವಾಗ ಈ ಮಕ್ಕಳ ತೂಕ ಸಾಮಾನ್ಯವಾಗಿ ಸರಿಯಾಗೇ ಇರುತ್ತೆ. ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಮೊದಲ ಕೆಲವು ತಿಂಗಳು ಕಾಪಾಡುತ್ತೆ. ಆಮೇಲೆ ನಿಧಾನವಾಗಿ ತೂಕ, ಎತ್ತರ ಹಿಂದೆ ಬೀಳುತ್ತೆ. ಪ್ರಾಯಕ್ಕೆ ಬರೋದೂ ಒಂದೆರಡು ವರ್ಷ ತಡ ಆಗಬಹುದು. ಆದರೆ ಬೆಳವಣಿಗೆ ಅಲ್ಲಿಗೇ ನಿಂತುಹೋಯ್ತು ಅಂತಲ್ಲ. ತಡವಾಗಿಯಾದರೂ ಎಷ್ಟೋ ಮಕ್ಕಳು ಎತ್ತರ ಆಗ್ತಾರೆ.

ಹಾಗಾದ್ರೆ ಏನು ತಿನ್ನಿಸೋದು? ಮೂರು ಹೊತ್ತಿನ ಊಟದ ಮಧ್ಯೆ ಕಡಲೆಕಾಯಿ, ಬಾಳೆಹಣ್ಣು, ಎಣ್ಣೆ ಅಥವಾ ತುಪ್ಪ ಹಾಕಿದ ತಿಂಡಿ. ಹೊಸ ಕಣಕ್ಕೆ ಫೋಲೇಟ್ ಬೇಕು: ಸೊಪ್ಪು, ಕಾಳು, ಸಾಮಾನ್ಯವಾಗಿ ವೈದ್ಯರು ಫೋಲಿಕ್ ಆಸಿಡ್ ಮಾತ್ರೆಯನ್ನೂ ಕೊಡ್ತಾರೆ. ಬೆಳವಣಿಗೆಗೆ ಸತು, ಅಂದರೆ ಜಿಂಕ್ ಬೇಕು. 2002ರ ಒಂದು ಅಮೆರಿಕನ್ ಅಧ್ಯಯನದಲ್ಲಿ ದಿನಕ್ಕೆ 10 ಮಿಲಿಗ್ರಾಂ ಸತುವನ್ನು ಒಂದು ವರ್ಷ ಪಡೆದ ಮಕ್ಕಳ ಎತ್ತರ, ಪಡೆಯದವರಿಗಿಂತ ಚೆನ್ನಾಗಿ ಬೆಳೆಯಿತು. ಮೊಟ್ಟೆ, ಮಾಂಸದಲ್ಲಿ ಸತು ಇದೆ; ಹುರುಳಿ, ಹೆಸರುಕಾಳು ಮೊಳಕೆ ಕಟ್ಟಿದರೆ ಅದರಲ್ಲಿರೋ ಸತು ದೇಹಕ್ಕೆ ಚೆನ್ನಾಗಿ ಸಿಗುತ್ತೆ. ನೀರಂತೂ ಮರೀಬೇಡಿ. ಈ ಮಕ್ಕಳಿಗೆ ಮೂತ್ರ ಜಾಸ್ತಿ ಹೋಗುತ್ತೆ, ಮೈಯಲ್ಲಿ ನೀರು ಕಡಿಮೆಯಾದರೆ ಕಣಗಳು ಇನ್ನಷ್ಟು ಬಾಗಿ ನೋವು ಬರುತ್ತೆ. ಶಾಲೆಯಲ್ಲಿ ನೀರು ಕುಡಿಯೋಕೆ, ಮೂತ್ರಕ್ಕೆ ಹೋಗೋಕೆ ಮೇಷ್ಟ್ರು ಬಿಡಬೇಕು.

ಈಗ ಮತ್ತೆ ಟಾನಿಕ್ ವಿಷಯ. ಕಣ ಒಡೆದಾಗ ಅದರ ಕಬ್ಬಿಣ ಬಹುಪಾಲು ದೇಹದಲ್ಲೇ ಉಳಿಯುತ್ತೆ. ಪದೇ ಪದೇ ರಕ್ತ ಹಾಕಿಸಿಕೊಂಡ ಮಗುವಿನಲ್ಲಿ ಅದು ಯಕೃತ್ತು, ಹೃದಯದಲ್ಲಿ ಶೇಖರವಾಗಿ ಹಾನಿ ಮಾಡಬಹುದು. ಹಾಗಂತ ಈ ಮಕ್ಕಳಿಗೆ ಕಬ್ಬಿಣದ ಕೊರತೆ ಬರೋದೇ ಇಲ್ಲ ಅಂತಲೂ ಅಲ್ಲ. ಅದಕ್ಕೇ ರಕ್ತಪರೀಕ್ಷೆ ಮೊದಲು, ಟಾನಿಕ್ ಆಮೇಲೆ.

ಊಟ ಕಾಯಿಲೆಯನ್ನು ವಾಸಿ ಮಾಡಲ್ಲ. ಹೈಡ್ರಾಕ್ಸಿಯೂರಿಯಾದಂಥ ಔಷಧಿ, ಲಸಿಕೆ, ಜ್ವರ ಬಂದ ಕೂಡಲೇ ಆಸ್ಪತ್ರೆ, ಇವು ಬೇಕೇ ಬೇಕು. ಆದರೆ ಪ್ರತಿ ಭೇಟಿಯಲ್ಲೂ ಮಗುವಿನ ತೂಕ, ಎತ್ತರ ಬರೆಸಿಕೊಳ್ಳಿ. ಗೆರೆ ಕೆಳಗಿಳಿದರೆ “ಸರಿಯಾಗಿ ತಿನ್ನಲ್ಲ” ಅಂತ ಮಗುವನ್ನು ಬೈಯೋ ಬದಲು ವೈದ್ಯರನ್ನು ಕೇಳಿ.