ಸತುವಿನ ಸ್ಥಾನಕ್ಕೆ ಸೀಸ ಬಂದಾಗ

ಬೆಂಗಳೂರಿನ ಬಸವನಗುಡಿಯ ಬಳಿ ಹುಟ್ಟುವ ವೃಷಭಾವತಿ ನದಿಯು ಮೈಸೂರು ರಸ್ತೆಯ ಪಕ್ಕದಲ್ಲಿ, ಕೆಂಗೇರಿಯ ಮೂಲಕ ಬಿಡದಿ ಸಮೀಪದ ಬೈರಮಂಗಲದತ್ತ ಹರಿಯುತ್ತದೆ. ದಶಕಗಳಿಂದ ಅದು ಹೊತ್ತು ತರುತ್ತಿರುವುದು ಮಹಾನಗರದ ಕೊಳಚೆಯನ್ನು ಮತ್ತು ಕಾರ್ಖಾನೆಗಳ ತ್ಯಾಜ್ಯವನ್ನು. 1940ರ ದಶಕದಲ್ಲಿ ನೀರಾವರಿಗೆಂದು ನಿರ್ಮಿಸಲಾದ ಬೈರಮಂಗಲ ಕೆರೆಯ ಅಚ್ಚುಕಟ್ಟಿನಲ್ಲಿ ಹಿಂದೆ ಭತ್ತ ಬೆಳೆಯುತ್ತಿದ್ದ ರೈತರಲ್ಲಿ ಅನೇಕರು ನೀರು ಕೆಟ್ಟ ಬಳಿಕ ಮೇವಿನ ಹುಲ್ಲು, ಬೇಬಿ ಕಾರ್ನ್‌ನಂತಹ ಬೆಳೆಗಳಿಗೆ ಹೊರಳಿದರು. ಈ ನದಿಯ ನೀರು ಮತ್ತು ಕೆಸರಿನಲ್ಲಿ ಭಾರಲೋಹಗಳಿರುವುದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ಅವುಗಳಲ್ಲಿ ಸೀಸವೂ ಒಂದು.

ಸೀಸ ವಿಷವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಅದು ದೇಹದೊಳಗೆ ಮಾಡುವುದಾದರೂ ಏನು? ಈ ಪ್ರಶ್ನೆಯ ಉತ್ತರದ ಒಂದು ಮುಖ್ಯ ಭಾಗ ನಮ್ಮೆಲ್ಲರ ಜೀವಕೋಶಗಳಲ್ಲಿರುವ ಒಂದು ಕಿಣ್ವದಲ್ಲಿ ಅಡಗಿದೆ. ಡೆಲ್ಟಾ ಅಮೈನೋಲೆವುಲಿನಿಕ್ ಆಮ್ಲ ಡಿಹೈಡ್ರಟೇಸ್ ಎಂಬ ಉದ್ದನೆಯ ಹೆಸರಿನ ಈ ಕಿಣ್ವವನ್ನು ವಿಜ್ಞಾನಿಗಳು ಚಿಕ್ಕದಾಗಿ 'ಅಲಾಡ್' ಎನ್ನುತ್ತಾರೆ.

ಹೀಮ್ ಎಂಬ ಸಹಾಯಕ

ಅನೇಕ ಕಿಣ್ವಗಳು ಒಂಟಿಯಾಗಿ ಕೆಲಸ ಮಾಡಲಾರವು. ಅವುಗಳಿಗೆ ಜೊತೆಗಾರ ಅಣುವೊಂದು ಬೇಕು. ಬಿ ಗುಂಪಿನ ಜೀವಸತ್ವಗಳಿಂದ ತಯಾರಾಗುವ ಸಹಕಿಣ್ವಗಳು ಇಂತಹವು. ಕಬ್ಬಿಣವನ್ನು ನಡುವಿನಲ್ಲಿಟ್ಟುಕೊಂಡ ಹೀಮ್ ಕೂಡ ಇದೇ ಬಳಗದ್ದು. ಸಹಕಿಣ್ವಗಳಲ್ಲಿ ಹಲವು ಬಂದು ಹೋಗುವಂತಹವಾದರೆ, ಹೀಮ್ ತನ್ನ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡೇ ಇರುತ್ತದೆ.

ಹಿಮೋಗ್ಲೋಬಿನ್‌ನಲ್ಲಿ ಆಮ್ಲಜನಕವನ್ನು ಹಿಡಿದುಕೊಳ್ಳುವುದು ಹೀಮ್. ಜೀವಕೋಶದಲ್ಲಿ ಶಕ್ತಿ ಉತ್ಪಾದಿಸುವ ಸೈಟೋಕ್ರೋಮ್‌ಗಳು, ಯಕೃತ್ತಿನಲ್ಲಿ ಔಷಧಗಳನ್ನು ಒಡೆಯುವ ಕಿಣ್ವಗಳು, ಹೈಡ್ರೋಜನ್ ಪೆರಾಕ್ಸೈಡನ್ನು ನಿರಪಾಯಗೊಳಿಸುವ ಕೆಟಲೇಸ್ ಇವೆಲ್ಲವೂ ಹೀಮ್ ಇಲ್ಲದೆ ನಿಷ್ಕ್ರಿಯ.

ಹೀಮ್ ತಯಾರಿ ಎಂಟು ಹಂತಗಳ ಕೆಲಸ. ಎರಡನೆಯ ಹಂತ ಅಲಾಡ್‌ನದು. ಮೊದಲ ಹಂತದಲ್ಲಿ ಮೈಟೋಕಾಂಡ್ರಿಯಾದೊಳಗೆ ಸಿದ್ಧವಾಗುವ ಅಮೈನೋಲೆವುಲಿನಿಕ್ ಆಮ್ಲದ ಎರಡು ಅಣುಗಳನ್ನು ಅಲಾಡ್ ಬೆಸೆದು, ಎರಡು ನೀರಿನ ಅಣುಗಳನ್ನು ಹೊರಹಾಕಿ, ಪೋರ್ಫೊಬಿಲಿನೋಜೆನ್ ಎಂಬ ಉಂಗುರಾಕಾರದ ಅಣುವನ್ನು ಕಟ್ಟುತ್ತದೆ. ಇಂತಹ ನಾಲ್ಕು ಅಣುಗಳು ಸೇರಿ ದೊಡ್ಡ ಉಂಗುರವಾಗುತ್ತವೆ. ಕಡೆಯ ಹಂತದಲ್ಲಿ ಅದರ ನಡುವೆ ಕಬ್ಬಿಣ ಬಂದು ಕೂಡುತ್ತದೆ.

ಮೂರು ಗಂಧಕಗಳ ಹಿಡಿತ

ಮಾನವನ ಅಲಾಡ್‌ನ ಪ್ರತಿ ಘಟಕದಲ್ಲಿ 330 ಅಮೈನೋ ಆಮ್ಲಗಳಿವೆ. ಇಂತಹ ಎಂಟು ಘಟಕಗಳು ಜೋಡಿ ಜೋಡಿಯಾಗಿ ಸೇರಿದಾಗ ಪೂರ್ಣ ಕಿಣ್ವವಾಗುತ್ತದೆ. ಪ್ರತಿ ಘಟಕದ ಮುಖ್ಯ ಭಾಗ ಪೀಪಾಯಿಯ ಆಕಾರದ್ದು. ಅದರಿಂದ ಹೊರಚಾಚಿದ ತೋಳೊಂದು ಪಕ್ಕದ ಘಟಕವನ್ನು ತಬ್ಬಿಕೊಂಡಿರುತ್ತದೆ. ಪೀಪಾಯಿಯ ಬಾಯಿಯ ಬಳಿ ಇರುವ ಕುಳಿಯೇ ಕೆಲಸ ನಡೆಯುವ ತಾಣ. ಅಲ್ಲಿ ಎರಡು ಲೈಸೀನ್‌ಗಳು ಕಚ್ಚಾವಸ್ತುವನ್ನು ಹಿಡಿದುಕೊಳ್ಳುತ್ತವೆ. ಸಮೀಪದಲ್ಲೇ ಮೂರು ಸಿಸ್ಟೀನ್‌ಗಳು ತಮ್ಮ ಗಂಧಕದ ಪರಮಾಣುಗಳಿಂದ ಸತುವಿನ ಒಂದು ಅಯಾನನ್ನು ಹಿಡಿದಿರುತ್ತವೆ. ಆ ಸತುವಿಲ್ಲದೆ ಬೆಸುಗೆ ಸಾಧ್ಯವಿಲ್ಲ.

ಕಿಣ್ವದ ದೌರ್ಬಲ್ಯವೂ ಇಲ್ಲಿಯೇ ಇದೆ. ಸತುವನ್ನು ಮೂರು ಗಂಧಕಗಳು ಮಾತ್ರ ಸುತ್ತುವರಿಯುವುದು ಪ್ರೋಟೀನುಗಳಲ್ಲಿ ಅಪರೂಪದ ಏರ್ಪಾಡು. ಸೀಸಕ್ಕಾದರೋ ಅದು ಹೇಳಿ ಮಾಡಿಸಿದಂತಹ ಸ್ಥಾನ. ಸತುವನ್ನು ಹೊರದೂಡಿ ಅದು ಅಲ್ಲಿ ಬಲವಾಗಿ ಕೂರುತ್ತದೆಯೇ ಹೊರತು ಸತುವಿನ ಕೆಲಸವನ್ನು ಮಾಡಲಾರದು. ರಕ್ತದಲ್ಲಿನ ಸೀಸದ ಬಹುಪಾಲು ಕೆಂಪು ರಕ್ತಕಣಗಳಲ್ಲಿರುತ್ತದೆ. ಅಲ್ಲಿ ಅದು ಹೆಚ್ಚಾಗಿ ಅಂಟಿಕೊಂಡಿರುವುದು ಇದೇ ಅಲಾಡ್‌ಗೆ.

ಇದರಿಂದ ಎರಡು ಹಾನಿಗಳು ಒಟ್ಟಿಗೇ ಆಗುತ್ತವೆ. ಒಂದು, ಹೀಮ್ ಉತ್ಪಾದನೆ ಕುಂಠಿತವಾಗುತ್ತದೆ. ಕಬ್ಬಿಣವನ್ನು ಕೂರಿಸುವ ಕಡೆಯ ಹಂತದ ಕಿಣ್ವಕ್ಕೂ ಸೀಸ ಅಡ್ಡಿಯಾಗುವುದರಿಂದ, ಸೀಸದ ಪ್ರಮಾಣ ಹೆಚ್ಚಿದಂತೆ ರಕ್ತಹೀನತೆ ಕಾಣಿಸಿಕೊಳ್ಳುತ್ತದೆ. ಎರಡು, ಬಳಕೆಯಾಗದ ಅಮೈನೋಲೆವುಲಿನಿಕ್ ಆಮ್ಲ ರಕ್ತದಲ್ಲಿ ಶೇಖರವಾಗುತ್ತದೆ. ಮಿದುಳಿನ ಸಂದೇಶವಾಹಕ ಗಾಬಾವನ್ನು ಹೋಲುವ ಈ ಆಮ್ಲ ನರಮಂಡಲಕ್ಕೆ ಹಾನಿಕರ.

ಬೆಂಗಳೂರಿನ ಎಚ್ಚರಿಕೆ

ಡೆಸಿಲೀಟರ್ ರಕ್ತದಲ್ಲಿ ಸೀಸದ ಪ್ರಮಾಣ 10 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದಾಗಲೇ ಅಲಾಡ್‌ನ ಚಟುವಟಿಕೆ ಕುಗ್ಗತೊಡಗುತ್ತದೆ. ಆಗ ಹೊರಗೆ ಯಾವ ರೋಗಲಕ್ಷಣವೂ ಕಾಣದಿರಬಹುದು. ಬೆಂಗಳೂರಿನ ಜಾರ್ಜ್ ಫೌಂಡೇಶನ್, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಅವರೊಡಗೂಡಿ 1990ರ ದಶಕದ ಕೊನೆಯಲ್ಲಿ ಭಾರತದ ಪ್ರಮುಖ ನಗರಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಈ ಮಟ್ಟವನ್ನು ಮೀರಿತ್ತು. 2000ನೇ ಇಸವಿಯಲ್ಲಿ ದೇಶದಾದ್ಯಂತ ಸೀಸಯುಕ್ತ ಪೆಟ್ರೋಲ್ ನಿಂತಿತು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ 2016ರಲ್ಲಿ ಹೊರಬಿದ್ದಿತು. ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಆದರೆ ಹಳೆಯ ಬ್ಯಾಟರಿಗಳ ಮರುಬಳಕೆ, ಹಳೆಯ ಬಣ್ಣ, ಕೈಗಾರಿಕಾ ತ್ಯಾಜ್ಯ ಇನ್ನೂ ಉಳಿದಿವೆ. ಪೆಟ್ರೋಲಿನ ಹೊಗೆ ಗಾಳಿಯಲ್ಲಿ ಚದುರಿದರೂ, ನದಿಯ ಕೆಸರು ಸೇರಿದ ಲೋಹ ಕೊಳೆತು ಇಲ್ಲವಾಗುವುದಿಲ್ಲ. ಬೇರುಗಳು ಹೀರುವ ಸೀಸ ಸಾಮಾನ್ಯವಾಗಿ ಅಲ್ಪ. ಸೊಪ್ಪಿಗೆ ಅಂಟಿದ ಮಣ್ಣು ಮತ್ತು ಮಕ್ಕಳ ಕೈಗೆ ಮೆತ್ತಿದ ಧೂಳಿನಿಂದಲೇ ಅಪಾಯ ಹೆಚ್ಚು. ಆದಕಾರಣ ಸೊಪ್ಪು ತರಕಾರಿಗಳನ್ನು ಹಲವು ಬಾರಿ ತೊಳೆಯುವುದು, ಊಟಕ್ಕೆ ಮುನ್ನ ಮಕ್ಕಳ ಕೈ ತೊಳೆಸುವುದು ಸಣ್ಣ ಕೆಲಸವಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿರುವ ದೇಹ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಈ ಸೀಮೆಯ ನಿತ್ಯದ ಆಹಾರವಾದ ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ. ಅದು ಚಿಕಿತ್ಸೆಯಲ್ಲ, ಒಂದಿಷ್ಟು ರಕ್ಷಣೆ ಮಾತ್ರ.

ಸೀಸದ ಸಂಪರ್ಕ ತಪ್ಪಿದರೆ ಹೊಸ ಕೆಂಪು ರಕ್ತಕಣಗಳೊಡನೆ ಅಲಾಡ್ ಕ್ರಮೇಣ ಚೇತರಿಸಿಕೊಳ್ಳುತ್ತದೆ. ಮೂಳೆಯಲ್ಲಿ ಸೇರಿದ ಸೀಸ ಮಾತ್ರ ದಶಕಗಟ್ಟಲೆ ಉಳಿಯುತ್ತದೆ. ಬೆಳೆಯುವ ಮಿದುಳಿಗಾದ ಹಾನಿಯನ್ನು ಸರಿಪಡಿಸುವ ಔಷಧವಿಲ್ಲ. ಎಂದೇ ನದಿಗೆ ಬೀಳುವ ತ್ಯಾಜ್ಯವನ್ನು ಮೂಲದಲ್ಲಿಯೇ ಶುದ್ಧೀಕರಿಸುವುದು ಪರಿಸರದ ಪ್ರಶ್ನೆಯಾಗಿರುವಷ್ಟೇ ಮಕ್ಕಳ ಆರೋಗ್ಯದ ಪ್ರಶ್ನೆಯೂ ಆಗಿದೆ.